ಬೇಡಿಕೆಯ ಪುಸ್ತಕವನ್ನು ಓದುವ ಬಗೆ: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಆಡಳಿತ ಪಕ್ಷಕ್ಕೂ ವಿರೋಧ ಪಕ್ಷಕ್ಕೂ ನಡುವೆ ಕೂದಲೆಳೆಯ ಅಂತರವಿರುವ ಸದನದಲ್ಲಿ ಬಜೆಟ್ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಂಜೇಶ್ವರದಲ್ಲಿ ಕುಳಿತು ಕನ್ನಡದಲ್ಲಿ ಕೇಳುವ ತರುಣರಿದ್ದಾರೆ ಎಂಬುದೇ ನನಗೆ ಸಂತೋಷ ತಂದಿತು. ಆದರೆ ಲೇಖನದಲ್ಲಿ ‘ನಾಟಕ’ ಎಂಬ ಪದ ಏಳು ಕಡೆ ಬಂದಿದೆ, ‘ಬೇಡಿಕೆ’ ಎಂಬ ಪದ ಒಮ್ಮೆಯೂ ಬಂದಿಲ್ಲ. ನಾನು ಬರೆಯುತ್ತಿರುವುದೆಲ್ಲ ಈ ಒಂದು ಕೊರತೆಯ ಕುರಿತೇ.

ಬಜೆಟ್ ಭಾಷಣದ ದಿನ ಸದನ ಯಾವುದನ್ನೂ ಅಂಗೀಕರಿಸುವುದಿಲ್ಲ. ಸಂವಿಧಾನದ 202ನೇ ವಿಧಿಯಂತೆ ವಾರ್ಷಿಕ ಹಣಕಾಸು ವಿವರಣಪತ್ರ, ಅಂದರೆ ಬಜೆಟ್, ಮಂಡನೆಯಾದ ಮೇಲೆ, 203ನೇ ವಿಧಿಯಂತೆ ಇಲಾಖೆಗಳ ಅನುದಾನದ ಬೇಡಿಕೆಗಳು (ತಮ್ಮ ಖರ್ಚಿಗೆ ಇಷ್ಟು ಹಣ ಬೇಕೆಂದು ಸದನದ ಮುಂದಿಡುವ ಕೋರಿಕೆಗಳು) ಒಂದೊಂದಾಗಿ ಮತಕ್ಕೆ ಬರಬೇಕು. ಅವೆಲ್ಲ ಒಪ್ಪಿಗೆಯಾದ ನಂತರ 204ನೇ ವಿಧಿಯ ಧನವಿನಿಯೋಗ ಮಸೂದೆ ಅಂಗೀಕಾರವಾದರೆ ಮಾತ್ರ ಖಜಾನೆಯಿಂದ ಹಣ ಹೊರಬರುತ್ತದೆ. ಇಲ್ಲಿ ನೀವು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾದ ಒಂದು ನಿಯಮವಿದೆ. ಸದನ ಬೇಡಿಕೆಯನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿಮೆ ಮಾಡಬಹುದು. ಒಂದು ರೂಪಾಯಿಯನ್ನೂ ಹೆಚ್ಚಿಸಲಾರದು. ತನ್ನ ಕ್ಷೇತ್ರಕ್ಕೆ ಸೇತುವೆ ಬೇಕೆನ್ನುವ ಶಾಸಕನು ಸದನದಲ್ಲಿ ಕೈಯೆತ್ತಿ ಅದನ್ನು ಪಡೆಯಲಾರ. ಬೇಡಿಕೆಗಳ ಪುಸ್ತಕ ಅಚ್ಚಾಗುವ ಮೊದಲೇ, ಇಲ್ಲವೇ ಸಾಮಾನ್ಯ ಚರ್ಚೆಗೆ ಹಣಕಾಸು ಸಚಿವರು ಉತ್ತರಿಸುವಾಗಲೇ ಅದನ್ನು ಸೇರಿಸಿಕೊಳ್ಳಬೇಕು. ಬಹುಮತ ತೆಳುವಾಗಿರುವ ಸದನದಲ್ಲಿ ಚೌಕಾಸಿಯೆಲ್ಲ ನಡೆಯುವುದು ಆ ಎರಡು ಹೊತ್ತಿನಲ್ಲಿ. ನೀವು ವಿವರಿಸಿರುವ ಗದ್ದಲವು ಚೌಕಾಸಿ ಮುಗಿದ ಮೇಲಿನ ಸಂಗತಿ.

ನಿಮ್ಮ ಎರಡನೆಯ ಪುಟದಲ್ಲಿ ‘ಬಜೆಟ್ ಸೋತರೆ ಸರ್ಕಾರ ಬೀಳುತ್ತದೆ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಆ ಮಾತು ನಿಜ, ಆದರೆ ಪಕ್ಷಗಳ ತಂತ್ರವೆಲ್ಲ ಅದರ ಒಳಗಡೆಯೇ ಅಡಗಿದೆ. ಕಡಿತದ ಸೂಚನೆ ಬೇಡಿಕೆಯಿಂದ ಬರೀ ನೂರು ರೂಪಾಯಿಯನ್ನು ಕಡಿಮೆ ಮಾಡಿ ಎಂದರೂ, ಅದು ಅಂಗೀಕಾರವಾದರೆ ಸರ್ಕಾರ ಸದನದ ವಿಶ್ವಾಸ ಕಳೆದುಕೊಂಡಂತೆ. ಆದ್ದರಿಂದಲೇ ಅವಿಶ್ವಾಸ ಗೊತ್ತುವಳಿ ತರಲು ಧೈರ್ಯ ಸಾಲದ ವಿರೋಧ ಪಕ್ಷವೂ ಬಜೆಟ್ ಅಧಿವೇಶನದಲ್ಲಿ ಪ್ರತಿ ಬೇಡಿಕೆಗೂ ಮತವಿಭಜನೆ, ಅಂದರೆ ಮತಗಳ ಎಣಿಕೆ, ಕೇಳಿ ಆಡಳಿತ ಪಕ್ಷದವರನ್ನು ಸದನದಲ್ಲೇ ಕಟ್ಟಿಹಾಕುತ್ತದೆ, ಆಡಳಿತ ಪಕ್ಷವು ಎಣಿಸದೆ ಧ್ವನಿಮತದಲ್ಲೇ ಮುಗಿಸಲು ನೋಡುತ್ತದೆ. ಉತ್ತರಾಖಂಡದಲ್ಲಿ 2016ರ ಮಾರ್ಚ್ 18ರಂದು ನಡೆದದ್ದು ಇದೇ. ಧನವಿನಿಯೋಗ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತೆಂದು ಸ್ಪೀಕರ್ ಘೋಷಿಸಿದರು. ಕಾಂಗ್ರೆಸ್ಸಿನ ಒಂಬತ್ತು ಭಿನ್ನಮತೀಯರು ಮತ್ತು ವಿರೋಧ ಪಕ್ಷದವರು ತಾವು ಮತವಿಭಜನೆ ಕೇಳಿದ್ದೆವು ಎಂದರು. ಒಂಬತ್ತು ದಿನಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು, ಸುಪ್ರೀಂ ಕೋರ್ಟ್ ನಿಗಾದಲ್ಲಿ ಮೇ 10ರಂದು ಬಲಾಬಲ ಪರೀಕ್ಷೆ ನಡೆದು ಹಳೆಯ ಸರ್ಕಾರ ಮರಳಿತು. ಧ್ವನಿ ಮತ್ತು ಎಣಿಕೆ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸದ ಮೇಲೆ ಒಂದು ರಾಜ್ಯದ ಆಡಳಿತ ಎರಡು ತಿಂಗಳು ತೂಗಾಡಿತು. ‘ಗದ್ದಲದ ನಡುವೆ ಮಸೂದೆ ಅಂಗೀಕಾರ’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ವರದಿಗಾರ ಅಲ್ಲಿ ಇಡೀ ಸುದ್ದಿಯನ್ನೇ ಬಿಟ್ಟುಬಿಟ್ಟಂತಾಗುತ್ತಿತ್ತು.

ಹಿಮಾಚಲ ಪ್ರದೇಶದ 2024ರ ಉದಾಹರಣೆಯನ್ನು ನೀವು ಕೊಟ್ಟಿದ್ದೀರಿ, ಆದರೆ ರಾಜ್ಯಸಭಾ ಚುನಾವಣೆಯಲ್ಲಿ 34–34 ಸಮವಾಗಿ ಚೀಟಿಯೆತ್ತಿದ ಸ್ವಾರಸ್ಯಕ್ಕೇ ನಿಂತುಬಿಟ್ಟಿದ್ದೀರಿ. ಮರುದಿನ, ಫೆಬ್ರವರಿ 28ರಂದು, ವಿರೋಧ ಪಕ್ಷದ 15 ಶಾಸಕರನ್ನು ಅಮಾನತುಗೊಳಿಸಿ ಬಜೆಟ್ಟನ್ನು ಅಂಗೀಕರಿಸಲಾಯಿತು. ಅದರ ಮರುದಿನ, ಅಡ್ಡಮತ ಹಾಕಿದ್ದ ಆರು ಕಾಂಗ್ರೆಸ್ ಶಾಸಕರು ಅನರ್ಹರಾದರು. ಅವರು ಅನರ್ಹರಾದದ್ದು ಅಡ್ಡಮತಕ್ಕಾಗಿ ಅಲ್ಲ, ಬಜೆಟ್ಟಿನ ಮತಕ್ಕೆ ಹಾಜರಿರಬೇಕೆಂಬ ಪಕ್ಷದ ಆದೇಶವನ್ನು (ವಿಪ್) ಮೀರಿದ್ದಕ್ಕಾಗಿ. 1985ರಲ್ಲಿ ಸಂವಿಧಾನಕ್ಕೆ ಸೇರಿದ, ಪಕ್ಷಾಂತರ ತಡೆಯುವ ಹತ್ತನೆಯ ಅನುಸೂಚಿಯ ದೆಸೆಯಿಂದ, ಬಜೆಟ್ಟಿನ ಮೇಲಿನ ಮತವು ಪಕ್ಷಗಳ ಕೈಯಲ್ಲಿ ತಮ್ಮವರನ್ನೇ ಅಳೆಯುವ ಕೋಲಾಗಿದೆ. ಇದನ್ನು ನಿಮ್ಮ ಓದುಗರಿಗೆ ಬಿಡಿಸಿ ಹೇಳಿ.

ನಮ್ಮದೇ ರಾಜ್ಯವಾದ ಕೇರಳದಲ್ಲಿ ಇನ್ನೂ ಹಿಂದಕ್ಕೆ ಹೋಗಬಹುದಿತ್ತು. 1981ರ ಡಿಸೆಂಬರ್ 28ರಂದು ಅಧಿಕಾರಕ್ಕೆ ಬಂದ ಕೆ. ಕರುಣಾಕರನ್ ಸರ್ಕಾರ ಸಮಬಲದ ಸದನದಲ್ಲಿ ಉಸಿರಾಡಿದ್ದು ಸ್ಪೀಕರ್ ಎ.ಸಿ. ಜೋಸ್ ಅವರ ನಿರ್ಣಾಯಕ ಮತದಿಂದ. ಸ್ಪೀಕರ್ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲ, ಸಮವಾದಾಗ ಮಾತ್ರ ಹಾಕಬೇಕು ಎನ್ನುತ್ತದೆ 189ನೇ ವಿಧಿ. ಲೋನಪ್ಪನ್ ನಂಬಾಡನ್ ಎಂಬ ಒಬ್ಬ ಶಾಸಕರು ಬೆಂಬಲ ಹಿಂತೆಗೆದುಕೊಂಡ ಮೇಲೆ 1982ರ ಮಾರ್ಚ್ 17ರಂದು ಆ ಸರ್ಕಾರ ಹೋಯಿತು. ಹಣಕಾಸು ವರ್ಷ ಮುಗಿಯಲು ಆಗ ಉಳಿದಿದ್ದದ್ದು ಎರಡೇ ವಾರ. ಸರ್ಕಾರ ಬಿದ್ದು ರಾಷ್ಟ್ರಪತಿ ಆಳ್ವಿಕೆ ಬಂದಾಗ ರಾಜ್ಯದ ಖರ್ಚಿಗೆ ಒಪ್ಪಿಗೆ ಕೊಡುವ ಅಧಿಕಾರ ಸಂಸತ್ತಿಗೆ ಹೋಗುತ್ತದೆ. ಮಂಜೇಶ್ವರದ ಶಾಲೆಯ ಮಾಸ್ತರರ ಸಂಬಳಕ್ಕೆ ದೆಹಲಿಯಲ್ಲಿ ಮತ ಬೀಳಬೇಕಾಗುತ್ತದೆ.

ಕರ್ನಾಟಕದ 2019ರ ಜುಲೈ ತಿಂಗಳನ್ನು ಮಾತ್ರ ನೀವು ಬಿಡಲೇಬಾರದಿತ್ತು. ಗಡಿಯಾಚೆಯ ಆ ಸುದ್ದಿಯನ್ನು ನಮ್ಮ ಮನೆಗಳಲ್ಲಿ ಕ್ರಿಕೆಟ್ಟಿನಂತೆ ನೋಡಿದ್ದೇವೆ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಿಂದ ಸೋತಾಗ ಅವರು ಫೆಬ್ರವರಿಯಲ್ಲಿ ಮಂಡಿಸಿದ್ದ ಬಜೆಟ್ ಪೂರ್ತಿ ಅಂಗೀಕಾರವಾಗಿರಲಿಲ್ಲ. ಪೂರ್ತಿ ಬಜೆಟ್ ಅಂಗೀಕಾರವಾಗುವ ತನಕದ ಖರ್ಚಿಗೆ ಸದನ ಕೊಟ್ಟಿದ್ದ ತಾತ್ಕಾಲಿಕ ಒಪ್ಪಿಗೆಯಾದ ಲೇಖಾನುದಾನದ ಅವಧಿ ಜುಲೈ 31ಕ್ಕೆ ಮುಗಿಯುತ್ತಿತ್ತು. ಆ ದಿನ ದಾಟಿದರೆ ಸಂಬಳ, ಪಿಂಚಣಿ ಎಲ್ಲಕ್ಕೂ ತಡೆ. ಯಡಿಯೂರಪ್ಪನವರು 26ರಂದು ಪ್ರಮಾಣವಚನ ಸ್ವೀಕರಿಸಿ, 29ರಂದು ಧ್ವನಿಮತದಿಂದ ವಿಶ್ವಾಸ ಗಳಿಸಿ, ಅದೇ ದಿನ ಹಿಂದಿನ ಸರ್ಕಾರ ಸಿದ್ಧಪಡಿಸಿದ್ದ ಹಣಕಾಸು ಮಸೂದೆಯನ್ನೇ ಸದನದಿಂದ ಅಂಗೀಕಾರ ಮಾಡಿಸಿಕೊಂಡರು. ಅದರ ಹಿಂದಿನ ವರ್ಷವಿಡೀ ಪರಸ್ಪರರ ಲೆಕ್ಕವನ್ನು ಸುಳ್ಳೆಂದವರು ಒಂದೇ ಲೆಕ್ಕವನ್ನು ಒಪ್ಪಿಕೊಂಡ ಆ ದಿನದಲ್ಲಿ, ಪಕ್ಷಗಳು ಎಲ್ಲಿಯವರೆಗೆ ಜಗಳವಾಡುತ್ತವೆ, ಎಲ್ಲಿಗೆ ನಿಲ್ಲಿಸುತ್ತವೆ ಎಂಬುದು ಕಾಣುತ್ತದೆ. ತೆಳು ಬಹುಮತದ ಸದನದಲ್ಲಿ ಬಜೆಟ್ಟಿನ ನಿಜವಾದ ಒತ್ತಡ ಕ್ಯಾಲೆಂಡರಿನದು. ಯಾವ ದಿನ ಒಪ್ಪಿಗೆ ಮುಗಿಯುತ್ತದೆಂದು ತಿಳಿದವನಿಗೆ ಯಾವ ದಿನ ಶಾಸಕರ ರಾಜೀನಾಮೆಗಳು ಬೀಳುತ್ತವೆ ಎಂಬುದೂ ಅಂದಾಜಾಗುತ್ತದೆ ಎಂದು ನಾನು ನಂಬಿದ್ದೇನೆ.

ಎರಡು ಸದನಗಳಿರುವ ರಾಜ್ಯದ ವಿಷಯ ಸ್ವಲ್ಪ ಬೇರೆ. ಧನ ಮಸೂದೆಯನ್ನು ವಿಧಾನಪರಿಷತ್ತು ತಿರಸ್ಕರಿಸಲಾರದು. 14 ದಿನ ಇಟ್ಟುಕೊಳ್ಳಬಹುದು ಅಷ್ಟೇ. ಅಷ್ಟು ದಿನಗಳಲ್ಲಿ ಏನು ಮಾಡಬಹುದೆಂಬುದು ಮಡಕಶಿರ, ಆದೋನಿ ಕಡೆಯ ನಮ್ಮ ಭಾಷಾಬಂಧುಗಳಿಗೆ ಗೊತ್ತಿದೆ. 2020ರ ಜೂನ್‌ನಲ್ಲಿ ಆಂಧ್ರದ ವಿಧಾನಪರಿಷತ್ತು, ಅಲ್ಲಿ ಬಹುಮತವಿದ್ದ ತೆಲುಗು ದೇಶಂ ಮತ್ತು ಆಡಳಿತ ಪಕ್ಷದ ಜಗಳದಲ್ಲಿ, ಧನವಿನಿಯೋಗ ಮಸೂದೆಯನ್ನು ಮುಗಿಸದೆಯೇ ಮುಂದೂಡಲ್ಪಟ್ಟಿತು. ವಿಧಾನಸಭೆಯ 175ರಲ್ಲಿ 151 ಸ್ಥಾನ ಹೊಂದಿದ್ದ ಸರ್ಕಾರವೂ 14 ದಿನ ಕಾಯಬೇಕಾಯಿತು, ನೌಕರರ ಸಂಬಳ ತಡವಾಯಿತು. ಕೇರಳಕ್ಕೆ ವಿಧಾನಪರಿಷತ್ತಿಲ್ಲವಾದ್ದರಿಂದ ಇದನ್ನು ಹೆಚ್ಚು ಬೆಳೆಸಬೇಡಿ.

ಇನ್ನು ನಮ್ಮ ಊರಿನ ಮಾತು, ನಾನು ನಿಧಾನವಾಗಿ ಹೇಳಬೇಕೆಂದಿರುವುದು ಇದನ್ನೇ. ಕೇರಳದ ಬಜೆಟ್ಟಿನಲ್ಲಿ ‘ಟೋಕನ್’ ಎಂಬ ಒಂದು ರೂಢಿಯಿದೆ. ಶಾಸಕರು ಕೊಟ್ಟ ಕಾಮಗಾರಿಗಳ ಪಟ್ಟಿಯಲ್ಲಿ ಕೆಲವಕ್ಕೆ ಅಂದಾಜಿನ ಒಂದು ಪಾಲು ಹಣ ಬೀಳುತ್ತದೆ, ಉಳಿದವಕ್ಕೆ ನೂರು ರೂಪಾಯಿ. ರಸ್ತೆಯ ಹೆಸರು ಪುಸ್ತಕದಲ್ಲಿ ಇರುತ್ತದೆ, ಅದರೆದುರು ಅಂಕಿಯೂ ಇರುತ್ತದೆ, ಆದರೆ ಆ ಅಂಕಿ ಒಂದು ಬುಟ್ಟಿ ಜಲ್ಲಿಗೂ ಸಾಲದು. ಹಲವು ವರ್ಷಗಳ ಹಿಂದೆ ಪಯಸ್ವಿನಿಯ ಆಚೆ ದಡದ ಒಂದು ಊರಿನ ರಸ್ತೆಯ ಹೆಸರನ್ನು ಹೀಗೆ ಪುಸ್ತಕದಲ್ಲಿ ಕಂಡು, ಅಂಕಿಯ ಅರ್ಥ ವಿಚಾರಿಸದೆ, ‘ಬಜೆಟ್ಟಿನಲ್ಲಿ ರಸ್ತೆ ಮಂಜೂರು’ ಎಂದು ನಾನು ಬರೆದೆ. ಊರಿನವರು ನಂಬಿದರು. ಇಬ್ಬರು ರಸ್ತೆ ಅಗಲಕ್ಕೆಂದು ತಮ್ಮ ಅಡಿಕೆ ತೋಟದ ಬದಿಯ ಮರಗಳನ್ನು ತಾವಾಗಿಯೇ ಕಡಿದು ಜಾಗ ಬಿಟ್ಟುಕೊಟ್ಟರು. ಮಳೆಗಾಲ ಎರಡು ಕಳೆದವು, ರಸ್ತೆ ಬರಲಿಲ್ಲ. ಫಲ ಕೊಡುತ್ತಿದ್ದ ಮರಗಳು ನನ್ನ ಒಂದು ವಾಕ್ಯವನ್ನು ನಂಬಿ ನೆಲಕ್ಕೆ ಬಿದ್ದವು. ಆ ನೋವು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮುಂದೆ ನಾನು ಕಲಿತದ್ದು ಇಷ್ಟು. ಸವಿವರ ಬೇಡಿಕೆಯ ಪುಸ್ತಕದಲ್ಲಿ ಪ್ರತಿ ಸಾಲಿಗೂ ನಾಲ್ಕು ಅಂಕಣಗಳಿರುತ್ತವೆ: ಹಿಂದಿನ ವರ್ಷದ ವಾಸ್ತವ ಲೆಕ್ಕ, ನಡೆಯುತ್ತಿರುವ ವರ್ಷದ ಅಂದಾಜು, ಅದರ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಭಾಷಣದಲ್ಲಿ ಕೇಳಿಸುವುದು ಕೊನೆಯ ಅಂಕಣ ಮಾತ್ರ. ಈ ವರ್ಷ ಘೋಷಿಸಿದ ಹಣದಲ್ಲಿ ಎಷ್ಟು ಖರ್ಚಾಯಿತೆಂಬುದು ಮೊದಲ ಅಂಕಣಕ್ಕೆ ಬರಲು ಎರಡು ವರ್ಷ ಬೇಕು. ಶಾಸಕರ ಮತ ಒಂದು ಮಧ್ಯಾಹ್ನದಲ್ಲಿ ಬಿದ್ದಿರುತ್ತದೆ, ಆ ಮತಕ್ಕೆ ಪ್ರತಿಯಾಗಿ ಕ್ಷೇತ್ರಕ್ಕೆ ಸಿಕ್ಕಿದ್ದೇನೆಂಬುದು ಎರಡು ಬಜೆಟ್ ಕಳೆದ ಮೇಲೆ ತಿಳಿಯುತ್ತದೆ. ಅಷ್ಟು ಹೊತ್ತಿಗೆ ಪತ್ರಕರ್ತ ಬೇರೆ ಸುದ್ದಿಗೆ ಹೋಗಿರುತ್ತಾನೆ ಎಂಬ ಭರವಸೆಯ ಮೇಲೆಯೇ ಎಲ್ಲ ಪಕ್ಷಗಳ ಲೆಕ್ಕಾಚಾರ ನಿಂತಿದೆ. ನೀವು ಹೋಗದಿರಿ. ರಸ್ತೆ, ಸೇತುವೆಗಳ ಬಂಡವಾಳ ವೆಚ್ಚವಾದರೆ 5054 ಎಂಬ ಲೆಕ್ಕಶೀರ್ಷಿಕೆಯಲ್ಲಿ ಹುಡುಕಿ, ಹೆಸರನ್ನು ಗುರುತಿಸಿ, ಅದೇ ಸಾಲನ್ನು ಮುಂದಿನ ಎರಡು ಪುಸ್ತಕಗಳಲ್ಲಿ ಹಿಂಬಾಲಿಸಿ.

ನಮ್ಮ ಜಿಲ್ಲೆಯ ಅಭಿವೃದ್ಧಿಗೆಂದಿರುವ ಕಾಸರಗೋಡು ಪ್ಯಾಕೇಜಿನ ಕುರಿತು ಬರೆಯುವಾಗಲೂ ಇದೇ ದಾರಿ. ಪ್ರಭಾಕರನ್ ಆಯೋಗ 2012ರಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಯೋಜನೆಗಳನ್ನು ಶಿಫಾರಸು ಮಾಡಿತು. ಕೆ.ಎಂ. ಮಾಣಿ, ಥಾಮಸ್ ಐಸಾಕ್, ಕೆ.ಎನ್. ಬಾಲಗೋಪಾಲ್ ಮೂವರೂ ಹಣಕಾಸು ಸಚಿವರಾಗಿ ಮಂಡಿಸಿದ ಬಜೆಟ್ಟುಗಳಲ್ಲಿ ಪ್ಯಾಕೇಜಿಗೆ ಹಣ ಮೀಸಲಾಗಿದೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು. ಶಿಫಾರಸಿನ ಮೊತ್ತವನ್ನು ಉಲ್ಲೇಖಿಸಿ ಸಿಟ್ಟುಮಾಡಿಕೊಳ್ಳುವುದು ಸುಲಭ, ನಾನೂ ಮಾಡಿದ್ದೇನೆ. ವರ್ಷಕ್ಕೆಷ್ಟು ಮೀಸಲು, ಅದರಲ್ಲೆಷ್ಟು ಖರ್ಚು ಎಂಬ ಎರಡು ಅಂಕಣಗಳನ್ನು ಹತ್ತು ವರ್ಷಕ್ಕೆ ಬರೆದಿಟ್ಟರೆ ಸಿಟ್ಟಿಗೆ ಆಧಾರ ಸಿಗುತ್ತದೆ. ಮಂಜೇಶ್ವರದಲ್ಲಿ ಗೆಲುವಿನ ಅಂತರ 2016ರಲ್ಲಿ 89 ಮತ, 2021ರಲ್ಲಿ 745 ಮತ. ಕ್ಷೇತ್ರದೊಳಗೆ ಇಷ್ಟು ಬಿಗಿಯಾದ ಸ್ಪರ್ಧೆಯಿದ್ದರೂ ಸದನದಲ್ಲಿ ಎಡರಂಗಕ್ಕೆ 91, ಆಮೇಲೆ 99 ಸ್ಥಾನಗಳಿದ್ದುದರಿಂದ ಇಲ್ಲಿಯ ಶಾಸಕರ ಒಂದು ಮತಕ್ಕೆ ಚೌಕಾಸಿಯ ಬೆಲೆ ಇರಲಿಲ್ಲ. 2011ರಲ್ಲಿ ಐಕ್ಯರಂಗ 72–68ರಲ್ಲಿ ಗೆದ್ದಾಗ ಒಂದೊಂದು ಸ್ಥಾನಕ್ಕೂ ಬೆಲೆಯಿತ್ತು. ಈ ಎರಡು ಅವಧಿಗಳಲ್ಲಿ ನಮ್ಮ ಜಿಲ್ಲೆಯ ಸಾಲುಗಳು ಹೇಗೆ ಬದಲಾದವೆಂದು ಯಾರೂ ಹೋಲಿಸಿ ಬರೆದದ್ದನ್ನು ನಾನು ಓದಿಲ್ಲ. ನಿಮ್ಮ ಲೇಖನ ಅದಾಗಬೇಕು.

ಐಕ್ಯರಂಗದ ಆ ಅವಧಿಯ 2015ರ ಮಾರ್ಚ್ 13ರ ದಿನವನ್ನು ನೀವು ಮೂರು ಪ್ಯಾರಾಗಳಲ್ಲಿ ಬಣ್ಣಿಸಿದ್ದೀರಿ. ವಿರೋಧ ಪಕ್ಷದವರ ಗದ್ದಲದಲ್ಲಿ ವೇದಿಕೆಯಿಂದ ಸ್ಪೀಕರ್ ಕುರ್ಚಿ ಬಿದ್ದದ್ದೂ, ಮಾಣಿಯವರು ಅದರ ನಡುವೆಯೇ ಬಜೆಟ್ ಮಂಡಿಸಿದ್ದೂ ಎಲ್ಲರಿಗೂ ನೆನಪಿದೆ. ಶಾಸಕರ ವಿಶೇಷಾಧಿಕಾರ ಸಾರ್ವಜನಿಕ ಆಸ್ತಿಯ ನಾಶಕ್ಕೆ ರಕ್ಷೆಯಾಗದು ಎಂದು ಸುಪ್ರೀಂ ಕೋರ್ಟ್ 2021ರ ಜುಲೈ 28ರಂದು ಹೇಳಿದ್ದನ್ನು ಸೇರಿಸಿ ಒಂದೇ ಪ್ಯಾರಾಕ್ಕೆ ಇಳಿಸಿ. ಉಳಿದ ಜಾಗವನ್ನು ಸದನದ ಮತಕ್ಕೇ ಬಾರದ ಹಣಕ್ಕೆ ಕೊಡಿ: ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿಯಾದ ಕಿಫ್‌ಬಿಯ ಮೂಲಕ ಬಜೆಟ್ಟಿನ ಹೊರಗೆ ಸಾಲ ತರುವುದು, ಅದಕ್ಕೆ ಮಹಾಲೇಖಪಾಲರು (ಸಿಎಜಿ) ಎತ್ತಿದ ಆಕ್ಷೇಪ, ಆ ಆಕ್ಷೇಪವನ್ನು ತಿರಸ್ಕರಿಸಿ 2021ರ ಜನವರಿಯಲ್ಲಿ ವಿಧಾನಸಭೆ ಕೈಗೊಂಡ ನಿರ್ಣಯ. ಸದನದ ಒಪ್ಪಿಗೆಯಿಲ್ಲದೆ ಕಟ್ಟಿದ ಸೇತುವೆಯ ಮೇಲೂ ಜನ ಓಡಾಡುತ್ತಾರೆ, ಅದು ಬೇಕೇ ಬೇಕು. ಆದರೆ ಅದರ ಸಾಲ ತೀರಿಸುವ ವರ್ಷದಲ್ಲಿ ಯಾವ ಬೇಡಿಕೆ ಕುಗ್ಗುತ್ತದೆಂದು ಕೇಳುವುದು ನಮ್ಮ ಕೆಲಸ.

ಭಾಷೆಯ ಬಗ್ಗೆ ಒಂದು ಮಾತು, ಇದು ಗಡಿನಾಡಿನವರಿಗೆ ಮಾತ್ರ ಬರುವ ತೊಡಕು. ನಿಮ್ಮ ಮೂಲ ಮಲೆಯಾಳದ್ದು, ಓದುಗರು ಕನ್ನಡದವರು. ‘ಸಾಂಕೇತಿಕಾನುಮತಿ ದೊರೆತಿದೆ’ ಎಂದು ಬರೆದಿದ್ದೀರಿ. ಮಲೆಯಾಳದಲ್ಲಿ ಅದಕ್ಕೆ ತಾಂತ್ರಿಕ ಅನುಮತಿ ಎಂದು ಅರ್ಥ. ಪುತ್ತೂರಿನವರು ಓದಿದರೆ ಹೆಸರಿಗೆ ಮಾತ್ರ ಸಿಕ್ಕ ಅನುಮತಿ ಎಂದು ತಿಳಿಯುತ್ತಾರೆ. ‘ಬಜೆಟ್ ಅವತರಿಸಿದರು’ ಎಂಬುದು ‘ಮಂಡಿಸಿದರು’ ಎಂದಾಗಬೇಕು. ‘ವಗಯಿರುತ್ತಿ’ ಎಂದರೆ ಮೀಸಲಿಟ್ಟರು ಎಂದಷ್ಟೇ, ನೀವು ‘ಬಿಡುಗಡೆ ಮಾಡಿದರು’ ಎಂದು ಬರೆದಿದ್ದೀರಿ. ಆಡಳಿತಾನುಮತಿ, ತಾಂತ್ರಿಕ ಅನುಮತಿ, ಟೆಂಡರು, ಬಿಡುಗಡೆ, ಇವು ಒಂದೊಂದೂ ಬೇರೆ ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ಕೆಲಸ ನಿಂತಿದೆಯೆಂದು ಪದವೇ ಹೇಳಬೇಕು.

ನಿಮ್ಮ ಊರಿನ ಸೇತುವೆಯ ಸಾಲು ಯಾವ ಬೇಡಿಕೆಯ ಯಾವ ಪುಟದಲ್ಲಿದೆ, ಎದುರಿಗಿರುವ ಅಂಕಿ ಎಷ್ಟು ಎಂದು ಬರೆದು ಕಳುಹಿಸಿ. ಹಳೆಯ ಪುಸ್ತಕಗಳು ನನ್ನ ಅಟ್ಟದಲ್ಲಿವೆ, ಕೆಲವಕ್ಕೆ ಗೆದ್ದಲು ಹಿಡಿದಿದ್ದರೂ ಓದಲು ಬರುತ್ತವೆ. ವಿಷು ಕಳೆದ ಮೇಲೆ ಒಂದು ಭಾನುವಾರ ಬನ್ನಿ, ಆ ಸಾಲನ್ನು ಹಿಂದಿನ ವರ್ಷಗಳಲ್ಲಿ ಒಟ್ಟಿಗೆ ಹುಡುಕೋಣ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ