ಅಮ್ಮನ ಕಾಲು ಉಳಿಸಿದವರಿಗೆ

ಅಮ್ಮನ ಮಂಡಿ ಬದಲಾವಣೆ ಆಪರೇಷನ್ ಆಗಿ ಈ ವಾರಕ್ಕೆ ಒಂದು ವರ್ಷ. ಈಗ ಕೋಲಿಲ್ಲದೆ ಓಡಾಡುತ್ತಾರೆ. ಇದಕ್ಕೆ ಕಾರಣರಾದವರಿಗೆ ಅವತ್ತು ಗಾಬರಿಯಲ್ಲಿ ಸರಿಯಾಗಿ ಥ್ಯಾಂಕ್ಸ್ ಹೇಳೋಕೂ ಆಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಅವತ್ತು ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ. ಆಪರೇಷನ್ ಮುಗಿದು ಅಮ್ಮ ವಾರ್ಡಿಗೆ ಬಂದಿದ್ದರು. ಬೆನ್ನಿಗೆ ಕೊಟ್ಟ ಅರಿವಳಿಕೆ ಇನ್ನೂ ಪೂರ್ತಿ ಇಳಿದಿರಲಿಲ್ಲ, ಹಾಗಾಗಿ ನೋವಿರಲಿಲ್ಲ. ನಾವೂ ನೆಮ್ಮದಿಯಾಗಿದ್ದೆವು. ಸಿಸ್ಟರ್ ಬಿಪಿ ನೋಡಿದ ಮೇಲೆ ಹೊದಿಕೆ ಸರಿಸಿ ಎರಡೂ ಪಾದ ಮುಟ್ಟಿ ನೋಡಿದರು. ಪಾದದ ಮೇಲೆ, ಹೆಬ್ಬೆರಳಿನ ನೇರಕ್ಕೆ ಬೆರಳಿಟ್ಟು ನಾಡಿ ಹುಡುಕಿದರು. ಆಪರೇಷನ್ ಆದ ಕಾಲು ತಣ್ಣಗಿತ್ತು, ಬಣ್ಣವೂ ಬಿಳಿಚಿತ್ತು. ನಾಡಿಯ ಸದ್ದು ಕೇಳಿಸುವ ಡಾಪ್ಲರ್ ಎಂಬ ಪುಟ್ಟ ಯಂತ್ರ ತಂದು ಎರಡೂ ಪಾದದ ಮೇಲೆ ಇಟ್ಟು ನೋಡಿದರು. ಚೆನ್ನಾಗಿದ್ದ ಕಾಲಿನಲ್ಲಿ 'ಸುಯ್, ಸುಯ್' ಎಂದು ರಕ್ತ ಹರಿಯುವ ಸದ್ದು ಬಂತು. ಈ ಕಾಲಿನಲ್ಲಿ ಏನೂ ಇಲ್ಲ. ಬೆಳಗ್ಗೆ ನೋಡೋಣ ಎನ್ನದೆ ಆಗಲೇ ಡಾಕ್ಟರ್‌ಗೆ ಫೋನ್ ಮಾಡಿದರು.

ಮಂಡಿಯ ಹಿಂದೆ, ಮೂಳೆಗೆ ತೀರಾ ಹತ್ತಿರದಲ್ಲೇ ಕಾಲಿಗೆ ರಕ್ತ ಒಯ್ಯುವ ದೊಡ್ಡ ನಾಳವಿದೆ. ಮಂಡಿ ಆಪರೇಷನ್‌ನಲ್ಲಿ ಅದಕ್ಕೆ ಏಟು ಬೀಳುವುದು ತುಂಬಾ ಅಪರೂಪ. ಆದರೆ ಬಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಅಮ್ಮನಿಗೆ ಉಪಕರಣ ತಗುಲಿ ನಾಳ ಕತ್ತರಿಸಿರಲಿಲ್ಲ. ವರ್ಷಗಟ್ಟಲೆ ಶುಗರ್ ಇದ್ದುದರಿಂದ ನಾಳದ ಒಳಗೋಡೆ ಗಟ್ಟಿಯಾಗಿತ್ತು. ರಕ್ತ ತಡೆಯಲು ತೊಡೆಗೆ ಬಿಗಿಯುವ ಪಟ್ಟಿಯ ಒತ್ತಡಕ್ಕೆ ಅದು ಬಿರುಕು ಬಿಟ್ಟು, ಅಲ್ಲೇ ರಕ್ತ ಹೆಪ್ಪುಗಟ್ಟಿರಬೇಕು ಎಂದು ಡಾಕ್ಟರ್ ಹೇಳಿದರು. ರಕ್ತ ಸಿಗದೆ ಸುಮಾರು 6 ಗಂಟೆ ದಾಟಿದರೆ ಸ್ನಾಯುಗಳಿಗೆ ಮತ್ತೆ ಸರಿಹೋಗದ ಹಾನಿ ಶುರುವಾಗುತ್ತದಂತೆ. ಅರಿವಳಿಕೆ ನೋವನ್ನು ಮರೆಸುತ್ತದೆ, ದಪ್ಪ ಬ್ಯಾಂಡೇಜ್ ಕಾಲನ್ನು ಮುಚ್ಚುತ್ತದೆ. ಮುಟ್ಟಿ ನೋಡದೆ ಗೊತ್ತಾಗುವುದೇ ಕಷ್ಟ.

ಮೂಳೆ ಡಾಕ್ಟರ್‌ಗೆ ದೊಡ್ಡ ಥ್ಯಾಂಕ್ಸ್. ಯಾವುದನ್ನೂ ಮುಚ್ಚಿಡದೆ ನಮ್ಮನ್ನು ಕೂರಿಸಿ ವಿಷಯ ಹೇಳಿದರು. ಸಿಟಿ ಸ್ಕ್ಯಾನ್ ಮಾಡಿಸಿ, ರಕ್ತನಾಳದ ಡಾಕ್ಟರನ್ನು ಮಧ್ಯರಾತ್ರಿಯಲ್ಲೇ ಕರೆಸಿದರು. ಅವರು ತುದಿಯಲ್ಲಿ ಬಲೂನ್ ಇರುವ ತೆಳು ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆದರು. ಅಮೆರಿಕದ ಡಾ. ಥಾಮಸ್ ಫೋಗರ್ಟಿ 1960ರ ದಶಕದ ಆರಂಭದಲ್ಲಿ ಬಳಕೆಗೆ ತಂದ ಸಾಧನವಂತೆ ಅದು. ಅವರಿಗೂ ಒಂದು ನಮಸ್ಕಾರ ಸಲ್ಲಲಿ. ಆಮೇಲೆ ರಕ್ತನಾಳದ ಡಾಕ್ಟರ್ ಹಾಳಾದ ಭಾಗಕ್ಕೆ ಇನ್ನೊಂದು ಕಾಲಿನ ರಕ್ತನಾಳವನ್ನೇ ತೆಗೆದು, ಒಳಗಿನ ಕವಾಟಗಳು ಅಡ್ಡ ಬರದಂತೆ ತಿರುವಿ ಜೋಡಿಸಿದರು. ಬಾವು ಏರಿ ಸ್ನಾಯು ಒತ್ತಿಹೋಗದಿರಲಿ ಎಂದು ಮೀನಖಂಡವನ್ನೂ ಸೀಳಿ ಬಿಟ್ಟಿದ್ದರು. ಆ ಗಾಯ ನೋಡುವುದೇ ಸಂಕಟ. ದಿನಾ ಡ್ರೆಸ್ಸಿಂಗ್ ಮಾಡುವಾಗ ಅಮ್ಮನ ಜೊತೆ ಮೊಮ್ಮಕ್ಕಳ ಸುದ್ದಿ ಮಾತಾಡುತ್ತಾ ಮನಸ್ಸನ್ನು ಬೇರೆ ಕಡೆ ತಿರುಗಿಸುತ್ತಿದ್ದ ಹುಡುಗನನ್ನು ಮರೆಯೋಕೆ ಸಾಧ್ಯವೇ ಇಲ್ಲ.

ರಕ್ತ ಕೊಟ್ಟ ಅಣ್ಣನ ಗೆಳೆಯರು, ಆಸ್ಪತ್ರೆಗೆ ಊಟ ಹೊತ್ತು ತಂದ ಅತ್ತಿಗೆ, ಅಮ್ಮ ಬೇಡ ಅಂದರೂ ಬಿಡದೆ ನಡೆಸಿದ ಫಿಸಿಯೋ ಮೇಡಂ, ನಿಮ್ಮೆಲ್ಲರ ಋಣ ದೊಡ್ಡದು.

ಈಗ ಮಂಡಿ ಆಪರೇಷನ್‌ಗೆ ಹೊರಟವರಿಗೆ ಒಂದು ಮಾತು. ಹೆದರಬೇಡಿ, ಲಕ್ಷಾಂತರ ಜನ ಆ ಆಪರೇಷನ್‌ನಿಂದ ಸುಖವಾಗಿದ್ದಾರೆ. ಆದರೆ ಶುಗರ್, ಬೀಡಿ-ಸಿಗರೇಟಿನ ಅಭ್ಯಾಸ, ನಡೆದರೆ ಮೀನಖಂಡ ಹಿಡಿದುಕೊಳ್ಳುವ ನೋವು, ಹಿಂದೆ ಕಾಲಿನ ರಕ್ತನಾಳಕ್ಕೆ ಆದ ಬೈಪಾಸ್ ಆಪರೇಷನ್, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಹೇಳಿ. ಪಾದದ ನಾಡಿ ನೋಡಿದಿರಾ ಎಂದು ಕೇಳಿ. ಆಪರೇಷನ್ ಆದ ಮೇಲೆ ಪಾದ ತಣ್ಣಗಾದರೆ, ಬಿಳಿಚಿಕೊಂಡರೆ, ಬೆರಳು ಆಡದಿದ್ದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಮನೆಗೆ ಬಂದ ಮೇಲೂ ಮಂಡಿಯ ಹಿಂದೆ ಮಿಡಿಯುವ ಊತ ಕಂಡರೆ ಸುಮ್ನೆ ಇರಬೇಡಿ. ಕೇಳೋಕೆ ಸಂಕೋಚ ಬೇಡ, ಕಾಲು ನಮ್ಮದೇ ಅಲ್ವಾ?

ಸಿಸ್ಟರ್, ನೀವು ಇದನ್ನು ಓದುತ್ತಿದ್ದರೆ, ಅಮ್ಮ ನಿಮ್ಮನ್ನು ಮನೆಗೆ ಕರೆದಿದ್ದಾರೆ. ಅಡುಗೆ ಅವರೇ ನಿಂತು ಮಾಡುತ್ತಾರಂತೆ. ರಜೆ ಸಿಕ್ಕಾಗ ಖಂಡಿತ ಬನ್ನಿ.