ಕ್ಯಾಬ್ರಾ ಶಾಲೆಗಳ ಚರಿತ್ರೆ: ಕಲಿತವರ ಮಾತೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಕ್ಯಾಥೊಲಿಕ್ ಸಭೆಗಳು (ಸನ್ಯಾಸಿ ಸಂಸ್ಥೆಗಳು) ಕಟ್ಟಿದ ಶಾಲೆಗಳ ಕುರಿತು ಬರೆಯುವವರು ಸ್ಥಾಪಕರ ತ್ಯಾಗವನ್ನು ಕೊಂಡಾಡಿ ಅಲ್ಲಿಗೇ ಮುಗಿಸುವುದು ವಾಡಿಕೆಯಾಗಿದೆ. ಆ ತ್ಯಾಗ ಸುಳ್ಳಲ್ಲ. ಆದರೆ ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಕ್ಯಾಬ್ರಾದಲ್ಲಿದ್ದ ಕಿವುಡ ಮಕ್ಕಳ ಶಾಲೆಗಳ ಚರಿತ್ರೆಯನ್ನು ಅಷ್ಟಕ್ಕೇ ನಿಲ್ಲಿಸಿದರೆ ಅಲ್ಲಿ ಕಲಿತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಆಲೂಗಡ್ಡೆ ಬೆಳೆ ಕೊಳೆತು ದೇಶವೇ ಕ್ಷಾಮಕ್ಕೆ ತುತ್ತಾಗಿದ್ದ 1846ರಲ್ಲಿ, ಡೊಮಿನಿಕನ್ ಸಭೆಯ ಇಬ್ಬರು ಸಿಸ್ಟರ್‌ಗಳು ಇಬ್ಬರು ಕಿವುಡ ಬಾಲಕಿಯರನ್ನು ಜೊತೆಗೆ ಕರೆದುಕೊಂಡು ಫ್ರಾನ್ಸಿನ ಕಾನ್ (Caen) ಪಟ್ಟಣಕ್ಕೆ ಹೋಗಿ, ಸಂಜ್ಞೆಗಳ ಮೂಲಕ ಪಾಠ ಹೇಳುವ ಕ್ರಮವನ್ನು ಕಲಿತು ಬಂದರು. ಹೀಗೆ ಸೇಂಟ್ ಮೇರೀಸ್ ಬಾಲಕಿಯರ ಶಾಲೆ ಆರಂಭವಾಯಿತು. ಕಲಿಸಬೇಕಾದವರ ಜೊತೆ ಕಲಿಯಬೇಕಾದ ಮಕ್ಕಳನ್ನೂ ಕರೆದೊಯ್ದದ್ದು ಆ ಶಾಲೆ ಕೈಗೊಂಡ ಅತ್ಯಂತ ವಿವೇಕದ ನಿರ್ಧಾರವೆಂದು ನಾನು ನಂಬುತ್ತೇನೆ. 1857ರಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಸಭೆಯವರ ಆಡಳಿತದಲ್ಲಿ ಬಾಲಕರ ಸೇಂಟ್ ಜೋಸೆಫ್ಸ್ ಶಾಲೆಯೂ ಕ್ಯಾಬ್ರಾದಲ್ಲಿ ನೆಲೆಯೂರಿತು. ಎರಡು ಶಾಲೆಗಳ ಮಕ್ಕಳು ಪರಸ್ಪರ ಬೆರೆಯುತ್ತಿರಲಿಲ್ಲವಾದ್ದರಿಂದ ಹುಡುಗಿಯರ ಸಂಜ್ಞೆಗಳೇ ಬೇರೆ, ಹುಡುಗರವೇ ಬೇರೆ ಆಗಿ ಬೆಳೆದವು. ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಗಂಡಸರ ಸಂಜ್ಞೆಗಳನ್ನು ಹೊಸದಾಗಿ ಕಲಿಯಬೇಕಾಗುತ್ತಿತ್ತು.

ಕ್ಯಾಬ್ರಾದಲ್ಲಿ ಕಲಿತವರು ಕೇವಲ ದಯೆ ಪಡೆದವರಾಗಿ ಉಳಿಯಲಿಲ್ಲ. ಸ್ವತಃ ಕಿವುಡರಾಗಿದ್ದು, ಅಲ್ಲಿಯೇ ಓದಿ ಡೊಮಿನಿಕನ್ ಸಿಸ್ಟರ್ ಆದ ಮೇರಿ ಗೇಬ್ರಿಯಲ್ ಹೋಗನ್ ಅವರು 1875ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಕಿವುಡ ಮಕ್ಕಳ ಶಾಲೆಯನ್ನು ಕಟ್ಟಿ ಬೆಳೆಸಿದರು.

ಕಿವುಡ ಮಕ್ಕಳಿಗೆ ಬಾಯಿಮಾತಿನಿಂದಲೇ ಕಲಿಸಬೇಕೆಂದು 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಕಿವುಡರ ಶಿಕ್ಷಣದ ಅಂತರರಾಷ್ಟ್ರೀಯ ಸಮ್ಮೇಳನ ನಿರ್ಣಯಿಸಿದಾಗಲೂ ಕ್ಯಾಬ್ರಾ ಅದಕ್ಕೆ ಕೂಡಲೇ ತಲೆಬಾಗಲಿಲ್ಲ. ಆರು ದಶಕಗಳಿಗೂ ಹೆಚ್ಚು ಕಾಲ ಸಂಜ್ಞಾಭಾಷೆಯನ್ನು ಕಾಪಾಡಿಕೊಂಡು ಬಂದಿದ್ದ ಶಾಲೆಗಳು 1946ರಲ್ಲಿ ಬಾಲಕಿಯರಿಗೆ, 1957ರಲ್ಲಿ ಬಾಲಕರಿಗೆ ಮಾತಿನ ಪದ್ಧತಿಯನ್ನು ಜಾರಿಗೆ ತಂದವು. ನನ್ನನ್ನು ಹೆಚ್ಚು ನೋಯಿಸುವುದು ಈ ಘಟ್ಟ. ಮಾತು ಕಲಿಯಬಲ್ಲರೆಂದು ತೋರಿದ ಮಕ್ಕಳನ್ನು ಸಂಜ್ಞೆ ಬಳಸುವ ಗೆಳತಿಯರಿಂದ ಬೇರ್ಪಡಿಸಿ ಇರಿಸಲಾಯಿತು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಇತರರು ಸಿಹಿತಿಂಡಿ ಬಿಡುವಂತೆ ಈ ಮಕ್ಕಳು ಸಂಜ್ಞೆಯನ್ನು ಬಿಡಬೇಕೆಂದು, ಬಳಸಿದರೆ ಪಾದ್ರಿಯ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕೆಂದು ಕಲಿಸಲಾಯಿತು. ಗೆಳತಿಗೆ ಹಸಿವೆಂದೋ ಭಯವೆಂದೋ ಹೇಳಲು ಕೈಯೊಂದೇ ದಾರಿಯಾಗಿದ್ದ ಮಗುವಿನ ಮನಸ್ಸಿನಲ್ಲಿ, ಆ ಕೈಯೆತ್ತುವುದೇ ಪಾಪವೆಂಬ ಭಾವನೆಯನ್ನು ಬಿತ್ತಿದ್ದು ಕ್ರೌರ್ಯವೇ ಸರಿ. ಅದನ್ನು ಮಾಡಿದವರಲ್ಲಿ ಅನೇಕರ ಉದ್ದೇಶ ಒಳ್ಳೆಯದಾಗಿತ್ತು ಎಂಬುದರಿಂದ ಮಗುವಿಗಾದ ನೋವೇನೂ ಕಡಿಮೆಯಾಗುವುದಿಲ್ಲ.

ಹಾಗಿದ್ದೂ ಭಾಷೆ ಉಳಿಯಿತು. ಮೇಲ್ವಿಚಾರಕರ ಕಣ್ಣು ತಪ್ಪಿಸಿ ಮಕ್ಕಳು ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದರು, ಬೆಳೆದು ದೊಡ್ಡವರಾದ ಮೇಲೆ ಅದರ ಹಕ್ಕಿಗಾಗಿ ಹೋರಾಡಿದರು, ಮತ್ತು 2017ರ ಡಿಸೆಂಬರಿನಲ್ಲಿ ಐರಿಷ್ ಸಂಜ್ಞಾಭಾಷೆಗೆ ಕಾನೂನಿನ ಮಾನ್ಯತೆ ದೊರೆಯಿತು.

ಆದ್ದರಿಂದ ಇಂತಹ ಶಾಲೆಗಳ ಬಗ್ಗೆ ತಾವು ಮುಂದೆ ಲೇಖನ ಪ್ರಕಟಿಸುವಾಗ, ಆಡಳಿತ ಮಂಡಳಿಯ ದಾಖಲೆಗಳ ಜೊತೆಗೆ ಹಳೆಯ ವಿದ್ಯಾರ್ಥಿಗಳ ಹೇಳಿಕೆಗಳನ್ನೂ, ಅಗತ್ಯವಿದ್ದರೆ ಸಂಜ್ಞಾಭಾಷೆ ಬಲ್ಲ ದುಭಾಷಿಯ ನೆರವಿನಿಂದ ಪಡೆದು, ಅವರದೇ ಮಾತುಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಕಿವುಡ ಮಕ್ಕಳ ಶಾಲೆಯ ನಿವೃತ್ತ ಶಿಕ್ಷಕಿ