ಕಾರ್ಖಾನೆಗೆ ಬೀಗ, ಅಂಗಡಿಗೆ ಹೊಡೆತ

ಮಾನ್ಯ ಸಂಪಾದಕರೇ,

ದೊಡ್ಡ ಕಾರ್ಖಾನೆಯೊಂದು ಮುಚ್ಚಿದಾಗ ಕಾರ್ಮಿಕರ ಪರಿಹಾರದ ಬಗ್ಗೆ, ಅದು ಸಾಲದಿದ್ದರೂ, ಮಾತುಕತೆಯಾದರೂ ನಡೆಯುತ್ತದೆ. ಆದರೆ ಅದೇ ಕಾರ್ಮಿಕರ ಸಂಬಳವನ್ನು ನೆಚ್ಚಿ ಸಾಲ ಮಾಡಿ ಅಂಗಡಿ ತೆರೆದವರು, ಬಿಡಿಭಾಗ ತಯಾರಿಸಿ ಕೊಡುತ್ತಿದ್ದ ಸಣ್ಣ ಉದ್ದಿಮೆದಾರರು ಯಾರ ಲೆಕ್ಕದಲ್ಲೂ ಇರುವುದಿಲ್ಲ. ಉದ್ರಿ ಕೊಟ್ಟ ಹಣ ಊರು ಬಿಟ್ಟವರೊಂದಿಗೇ ಹೋಗುತ್ತದೆ. ಮಳಿಗೆಯ ಬೆಲೆ ಕುಸಿದು, ಬ್ಯಾಂಕಿಗೆ ಇಟ್ಟ ಅಡಮಾನವೂ ಸಾಲಕ್ಕೆ ಸಾಟಿಯಾಗುವುದಿಲ್ಲ.

1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದ ಅಮೆರಿಕದ ಡೆಟ್ರಾಯಿಟ್, ಮೋಟಾರು ಉದ್ಯಮ ಸೊರಗಿ, ಜನ ಹೊರವಲಯಗಳಿಗೆ ಸರಿದು, 2013ರಲ್ಲಿ ದಿವಾಳಿ ಅರ್ಜಿ ಸಲ್ಲಿಸುವ ಹೊತ್ತಿಗೆ ಸುಮಾರು 7 ಲಕ್ಷಕ್ಕೆ ಇಳಿದಿತ್ತು. ಗ್ರಾಹಕರೇ ಇಲ್ಲದ ಬೀದಿಯಲ್ಲಿ ವ್ಯಾಪಾರಿಯ ಜಾಣ್ಮೆ (ಅದನ್ನು ಹೊಗಳುವವರೇನೋ ಬಹಳ) ಎಷ್ಟು ದಿನ ನಡೆದೀತು?

ಕಾರ್ಖಾನೆ ಮುಚ್ಚುವ ತೀರ್ಮಾನದ ಜೊತೆಗೇ ಸುತ್ತಲಿನ ಸಣ್ಣ ವ್ಯಾಪಾರಿಗಳಿಗೆ ಸಾಲ ಮರುಪಾವತಿಯ ಕಾಲಾವಕಾಶ ಮತ್ತು ಸ್ಥಳೀಯ ತೆರಿಗೆಯಲ್ಲಿ ರಿಯಾಯಿತಿ ನಿಗದಿಯಾಗಬೇಕು.

– ಓರ್ವ ಓದುಗ